ಮನೋರಮೆ ಇಲ್ಲದ ಅದ್ಭುತ

ಮುದ್ದಣನನ್ನು ಮೆಚ್ಚುವ ನಮ್ಮಲ್ಲಿ ಬಹುಪಾಲು ಮಂದಿ ಮೆಚ್ಚಿರುವುದು ಅವನ ಒಂದೇ ಪುಸ್ತಕದ ಕೆಲವು ಪುಟಗಳನ್ನು. ಮಳೆಗಾಲದ ಹೊತ್ತು, ಅರಮನೆಯಿಂದ ಮನೆಗೆ ಬಂದ ಗಂಡ, ಅವನನ್ನು ಉಪಚರಿಸಿ ಕೂರಿಸಿ ಒಂದು ಒಳ್ಳೆಯ ಕಥೆ ಹೇಳಲೇಬೇಕೆಂದು ಪಟ್ಟು ಹಿಡಿಯುವ ಹೆಂಡತಿ ಮನೋರಮೆ. ‘ರಾಮಾಶ್ವಮೇಧ’ದ ಈ ಸಲ್ಲಾಪವನ್ನು ತಲೆಮಾರುಗಳ ಮಕ್ಕಳು ಶಾಲೆಯಲ್ಲಿ ಓದಿದ್ದಾರೆ, ಬಾಯಿಪಾಠ ಮಾಡಿದ್ದಾರೆ. ಅದರ ರುಚಿ ಹತ್ತಿದವರು ಈ ಕವಿ ಇನ್ನೇನು ಬರೆದಿದ್ದಾನೆ ಎಂದು ಹುಡುಕುತ್ತ ಹೋದರೆ ಸಿಗುವುದು ‘ಅದ್ಭುತ ರಾಮಾಯಣ’. ಹೆಸರೇ ಆಸೆ ಹುಟ್ಟಿಸುವಂಥದ್ದು. ಹತ್ತು ತಲೆಯವನನ್ನು ಮೀರಿಸುವ ಸಾವಿರ ತಲೆಯ ರಾವಣ, ಅವನ ಎದುರು ನೆಲಕ್ಕೊರಗುವ ರಾಮ, ಆಯುಧ ಹಿಡಿದು ನಿಲ್ಲುವ ಸೀತೆ. ವೀರ ಮತ್ತು ಅದ್ಭುತ ಒಟ್ಟಾಗಿ ಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ವಸ್ತು ಕನ್ನಡದಲ್ಲಿ ಸಿಗುವುದು ಕಷ್ಟ. ಇಷ್ಟಿದ್ದೂ ಪುಸ್ತಕ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ತೀರಾ ಕಡಿಮೆ. ಮೆಚ್ಚಿನ ಲೇಖಕನ ಪುಸ್ತಕ ನಿರಾಸೆ ಮಾಡಿದಾಗ ಸುಮ್ಮನೆ ಮೂಲೆಗಿಟ್ಟು ಮರೆಯುವುದು ಸುಲಭ. ಆದರೆ ಈ ನಿರಾಸೆಯ ಕಾರಣ ಹುಡುಕಿದರೆ ಮುದ್ದಣನ ನಿಜವಾದ ಶಕ್ತಿ ಎಲ್ಲಿತ್ತು ಎಂಬುದು ಕಾಣುತ್ತದೆ ಎಂದು ನನ್ನ ನಂಬಿಕೆ.

ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನೇ ಮುದ್ದಣ. ಓದಿದ್ದು ಉಡುಪಿಯಲ್ಲಿ, ಮದರಾಸಿಗೆ ಹೋಗಿ ಅಂಗಸಾಧನೆಯ ತರಬೇತಿ ಪಡೆದು ಬಂದು ಉಡುಪಿಯಲ್ಲೂ ಕುಂದಾಪುರದಲ್ಲೂ ಡ್ರಿಲ್ ಮಾಸ್ತರನಾಗಿ ದುಡಿದ. ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂದೇ ವರ್ಷ. ಹಳಗನ್ನಡದಲ್ಲಿ ಬರೆದದ್ದರಿಂದ ಅವನನ್ನು ಯಾವುದೋ ಹಳೆಯ ಕಾಲದವನೆಂದು ಭಾವಿಸುವವರಿದ್ದಾರೆ. ಆದರೆ ಅವನು ತೀರಿಕೊಂಡ 1901ರಲ್ಲೇ ಕಾಪುವಿನ ಕಡಲ ಬಂಡೆಯ ಮೇಲೆ ದೀಪಸ್ತಂಭ ಎದ್ದಿತು. ಕಿಟೆಲ್ ಕೋಶ ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಅದೇ ಊರಿನಿಂದ ಬಂದದ್ದು 1899ರಲ್ಲಿ. ಈ ಎರಡರ ನಡುವೆ, 1895ರಲ್ಲಿ, ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಯಲ್ಲಿ ಪ್ರಕಟವಾದದ್ದು ‘ಅದ್ಭುತ ರಾಮಾಯಣ’. ಆಗ ಮುದ್ದಣನಿಗೆ ಇಪ್ಪತ್ತೈದರ ಪ್ರಾಯ. ಹೊಸ ಗದ್ಯ ಹುಟ್ಟುತ್ತಿದ್ದ ಜಿಲ್ಲೆಯಲ್ಲಿ ಕುಳಿತು, ತನ್ನ ಬರಹವನ್ನು ಹಳೆಯ ಓಲೆಯ ಪ್ರತಿ ಎಂಬಂತೆ ದೂರದ ಊರಿಗೆ ಕಳಿಸಿದ ತರುಣ ಅವನು. ತಾನೇ ಬರೆದೆನೆಂದು ಹೇಳಿಕೊಳ್ಳಲಿಲ್ಲ. ಈ ಸಂಕೋಚದ ಮಾತು ಮುಂದೆ ಮತ್ತೆ ಬರುತ್ತದೆ.

ಸಂಸ್ಕೃತದ ಅದ್ಭುತ ರಾಮಾಯಣ ಇಪ್ಪತ್ತೇಳು ಸರ್ಗಗಳ ಚಿಕ್ಕ ಗ್ರಂಥ, ವಾಲ್ಮೀಕಿಯ ಹೆಸರಿನಲ್ಲಿ ಪ್ರಚಾರದಲ್ಲಿರುವಂಥದ್ದು. ಅದರ ಕಥೆಯಲ್ಲಿ ಒಂದು ಗಳಿಗೆ ಇದೆ. ಲಂಕೆಯಿಂದ ಮರಳಿ ರಾಮ ಪಟ್ಟಕ್ಕೆ ಬಂದಿದ್ದಾನೆ. ಋಷಿಗಳು ಸಭೆಯಲ್ಲಿ ಸೇರಿ ರಾವಣನನ್ನು ಕೊಂದ ಅವನ ಪರಾಕ್ರಮವನ್ನು ಹೊಗಳುತ್ತಿದ್ದಾರೆ. ಸೀತೆ ನಕ್ಕುಬಿಡುತ್ತಾಳೆ. ಏಕೆ ನಕ್ಕೆ ಎಂದು ಕೇಳಿದಾಗ, ಕೊಂದದ್ದು ತಮ್ಮನನ್ನು, ಅಣ್ಣ ಪುಷ್ಕರ ದ್ವೀಪದಲ್ಲಿ ಇನ್ನೂ ಇದ್ದಾನೆ, ಅವನಿಗೆ ಸಾವಿರ ತಲೆ ಎನ್ನುತ್ತಾಳೆ. ಗಂಡನ ಜೀವಮಾನದ ಕೀರ್ತಿಯನ್ನು ತುಂಬಿದ ಸಭೆಯಲ್ಲಿ ಹೆಂಡತಿಯ ಒಂದು ನಗು ಅರ್ಧಕ್ಕೆ ಇಳಿಸುತ್ತದೆ. ರಾಮನಿಗೆ ಆಗ ಏನನ್ನಿಸಿತು? ಅಗ್ನಿಯನ್ನು ಹೊಕ್ಕು ಬಂದ ಹೆಂಗಸು ಅವಳು. ಆ ನಗುವಿನಲ್ಲಿ ಎಷ್ಟು ಪ್ರೀತಿ, ಎಷ್ಟು ಹಳೆಯ ನೋವು? ಒಂದು ಕಾದಂಬರಿಯೇ ಆ ನಗುವಿನಲ್ಲಿ ಅಡಗಿದೆ. ಮುಂದಿನದೂ ಅಷ್ಟೇ ಬಲವಾದದ್ದು: ಸಾವಿರ ತಲೆಯವನು ವಾಯವ್ಯಾಸ್ತ್ರ ಬಿಟ್ಟು ವಾನರರನ್ನೂ ರಾಕ್ಷಸರನ್ನೂ ಅವರವರ ಮನೆಬಾಗಿಲಿಗೇ ಹಾರಿಸಿಬಿಡುತ್ತಾನೆ, ರಾಮ ಮೂರ್ಛೆ ಹೋಗುತ್ತಾನೆ, ಸೀತೆ ಕಾಳಿಯಾಗಿ ರಥದಿಂದ ಇಳಿದು ಆ ತಲೆಗಳನ್ನೆಲ್ಲ ಕಡಿಯುತ್ತಾಳೆ, ಎಚ್ಚೆತ್ತ ರಾಮ ತನ್ನ ಹೆಂಡತಿಯನ್ನು ಗುರುತಿಸಲಾರದೆ ನಡುಗಿ ಸ್ತುತಿಸುತ್ತಾನೆ.

ಇಂಥ ಸಾಮಗ್ರಿ ಕೈಯಲ್ಲಿದ್ದೂ ಮುದ್ದಣನ ಗದ್ಯದಲ್ಲಿ ಅದ್ಭುತ ಸಂಭವಿಸುವುದಿಲ್ಲ, ವರದಿಯಾಗುತ್ತದೆ. ಭಾಷೆಯ ಮೇಲೆ ಅವನ ಹಿಡಿತ ಆಗಲೇ ಗಟ್ಟಿಯಿದೆ, ಹಳಗನ್ನಡದ ಪದಗಳನ್ನು ಆಯ್ದು ಜೋಡಿಸುವ ಬೆರಳು ಪಳಗಿದೆ. ಕೊರತೆ ಬೇರೆ ಕಡೆ ಇದೆ. ಆ ನಗುವಿನ ಬಳಿ ನಿಂತು ‘ತಡಿ, ಅವಳು ನಕ್ಕಾಗ ರಾಮನ ಮುಖ ಹೇಗಾಯಿತು?’ ಎಂದು ಕೇಳುವವರು ಆ ಪುಸ್ತಕದಲ್ಲಿ ಯಾರೂ ಇಲ್ಲ. ಕೇಳುವವರಿಲ್ಲದಿದ್ದರೆ ಹೇಳುವವನು ನಿಲ್ಲುವುದಿಲ್ಲ. ತಲೆ ಹತ್ತಿದ್ದದ್ದು ಸಾವಿರವಾದರೆ ಭಯ ನೂರು ಪಟ್ಟು ಹೆಚ್ಚುತ್ತದೆ ಎಂದು ನಂಬಿ ಮುಂದೆ ಸಾಗುತ್ತಾನೆ. ಓದುವವನ ಭಯ ಹಾಗೆ ಗುಣಾಕಾರದಿಂದ ಬೆಳೆಯುವಂಥದ್ದಲ್ಲ. ಸಾವಿರ ತಲೆಯನ್ನು ಕಂಡು ಬೆದರಿದ ಒಂದು ಮುಖವನ್ನಾದರೂ ಅವನಿಗೆ ತೋರಿಸಬೇಕು.

ಇದನ್ನು ಬಲ್ಲವನು ಮುದ್ದಣನೇ, ಆದರೆ ಬದುಕಿನ ಕೊನೆಯ ವರ್ಷಗಳಲ್ಲಿ, ‘ರಾಮಾಶ್ವಮೇಧ’ ಬರೆಯುವಾಗ. ಅಲ್ಲಿ ಮನೋರಮೆ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಯಾವ ಕಥೆ ಬೇಕು, ಯಾವುದು ಬೇಡ ಎಂದು ಹೇಳುವವಳು ಅವಳು. ಪದ್ಯ ಬೇಡ, ಗದ್ಯವೇ ಆಗಲಿ ಎಂದು ತೀರ್ಮಾನಿಸುವವಳೂ ಅವಳು. ಬಹುಮಾನದ ಚೌಕಾಸಿಯೂ ನಡೆಯುತ್ತದೆ. ಕೊನೆಗೆ ಗಂಡ ಗಂಟಲು ಸರಿಮಾಡಿಕೊಂಡು, ಮಾರುದ್ದದ ಸಂಸ್ಕೃತ ಸಮಾಸದೊಂದಿಗೆ ಕಾವ್ಯದ ಹೆಬ್ಬಾಗಿಲು ತೆರೆಯುತ್ತಾನೆ. ಅವಳು ಅಲ್ಲೇ ತಡೆಯುತ್ತಾಳೆ, ಗಂಟಲಲ್ಲಿ ಇಳಿಯದ ಕಡುಬಿನ ಮಾತು ತೆಗೆಯುತ್ತಾಳೆ. ಅವನು ಸೋತು ಮತ್ತೆ ಮೊದಲಿನಿಂದ, ತಿಳಿಗನ್ನಡದಲ್ಲಿ ಶುರುಮಾಡುತ್ತಾನೆ. ಇದನ್ನು ಬರಿಯ ಸರಸ ಎಂದು ಓದುತ್ತ ಬಂದಿದ್ದೇವೆ. ಸರಸ ಹೌದು. ಅದರ ಜೊತೆಗೆ ಒಬ್ಬ ಲೇಖಕ ತನ್ನ ಶೈಲಿಯನ್ನು ನಮ್ಮ ಕಣ್ಣೆದುರೇ ತಿದ್ದಿಕೊಳ್ಳುತ್ತಿರುವ ಗಳಿಗೆಯೂ ಹೌದು. ತಿದ್ದಿಸಿದವಳು ಎದುರು ಕುಳಿತ ಕೇಳುಗಿ. ‘ಅದ್ಭುತ ರಾಮಾಯಣ’ದ ಮುದ್ದಣನಿಗೆ ಅಂಥವರು ಎದುರು ಯಾರೂ ಇರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಥಟ್ಟನೆ ಬರುತ್ತದೆ. ಪುರಾಣಗಳಲ್ಲಿ ಕೇಳುಗರಿಗೇನು ಬರವೇ? ಅದ್ಭುತ ರಾಮಾಯಣದ ಸಂಸ್ಕೃತ ಮೂಲದಲ್ಲೇ ಭರದ್ವಾಜ ಕೇಳುತ್ತಾನೆ, ವಾಲ್ಮೀಕಿ ಹೇಳುತ್ತಾನೆ. ಜನಮೇಜಯ, ಶೌನಕ, ಪಾರ್ವತಿ ಎಲ್ಲರೂ ಕಥೆ ಕೇಳಿದವರೇ. ಕೇಳುಗರಿದ್ದರೆ ಸಾಕು ಎಂದಾದರೆ ಎಲ್ಲ ಪುರಾಣವೂ ರಾಮಾಶ್ವಮೇಧದಷ್ಟು ಜೀವಂತವಾಗಿರಬೇಕಿತ್ತಲ್ಲ? ಆಕ್ಷೇಪ ಸರಿ, ಅದರಿಂದ ನನ್ನ ಮಾತನ್ನು ಇನ್ನಷ್ಟು ಬಿಗಿಯಾಗಿ ಹೇಳಬೇಕಾಗುತ್ತದೆ. ಪುರಾಣದ ಕೇಳುಗ ಬಹುಪಾಲು ಹೂಂಗುಟ್ಟುವವನು. ಮುಂದೇನಾಯಿತು ಎಂದು ಕೇಳುತ್ತಾನೆ, ಕೈಮುಗಿಯುತ್ತಾನೆ, ಕೃತಾರ್ಥನಾದೆ ಎನ್ನುತ್ತಾನೆ. ಅವನಿಗೆ ಬೇಸರ ಬರುವುದಿಲ್ಲ, ಅನುಮಾನವೂ ಬರುವುದಿಲ್ಲ. ಮನೋರಮೆಗೆ ಎರಡೂ ಬರುತ್ತವೆ. ಅವಳಿಗೆ ತನ್ನದೇ ಆಸೆ ಇದೆ, ತನ್ನದೇ ರುಚಿ ಇದೆ, ಹೇಳುವವನ ಮೇಲೆ ಸಲುಗೆಯ ಅಧಿಕಾರವಿದೆ. ಕಥೆ ತನಗೆ ಒಪ್ಪದಿದ್ದರೆ ಒಪ್ಪಲಿಲ್ಲ ಎನ್ನಬಲ್ಲವಳು. ಅದ್ಭುತ ಕಥೆಗೆ ಬೇಕಾದದ್ದು ಅಂಥ ಕೇಳುಗರು. ನಡೆಯಲಾರದ್ದನ್ನು ನಡೆಯಿತೆಂದು ಹೇಳುವಾಗ, ‘ಅದು ಹೇಗೆ?’ ಎನ್ನುವವರೊಬ್ಬರು ಎದುರಿಗಿರಬೇಕು. ಅವರನ್ನು ಒಪ್ಪಿಸುವ ಪ್ರಯತ್ನದಲ್ಲೇ ಹೇಳುವವನ ಕಲ್ಪನೆ ಹರಿತವಾಗುತ್ತದೆ.

ವಯಸ್ಸಿನ ಮಾತು ಎತ್ತುವವರೂ ಇದ್ದಾರೆ. ಇಪ್ಪತ್ತೈದರ ಹುಡುಗನ ಮೊದಲ ದೊಡ್ಡ ಗದ್ಯ, ಅದನ್ನು ಮಾಗಿದ ಕೃತಿಯೊಡನೆ ತೂಗುವುದು ನ್ಯಾಯವೇ ಎನ್ನುತ್ತಾರೆ. ನ್ಯಾಯದ ದೃಷ್ಟಿಯಿಂದ ರಿಯಾಯಿತಿ ಕೊಡೋಣ. ಆದರೆ ಕಾರಣ ವಯಸ್ಸೇ ಆಗಿದ್ದರೆ ಮಾಗಿದ ಕೃತಿಯಲ್ಲಿ ಈ ದೋಷ ಇರಬಾರದಿತ್ತು. ಇದೆ! ‘ರಾಮಾಶ್ವಮೇಧ’ವನ್ನು ಸಲ್ಲಾಪದ ಆಚೆಗೂ ಓದಿದವರಿಗೆ ಇದು ಗೊತ್ತು. ಯಜ್ಞದ ಕುದುರೆ ಊರೂರು ಸುತ್ತುತ್ತದೆ, ಶತ್ರುಘ್ನ ಹಿಂದೆ ಹೋಗುತ್ತಾನೆ, ಒಬ್ಬೊಬ್ಬ ರಾಜ ಕಟ್ಟಿಹಾಕುತ್ತಾನೆ, ಬಾಣಗಳ ಮಳೆ, ಮೂರ್ಛೆ, ಎಚ್ಚರ, ಮತ್ತೆ ಕುದುರೆ ಮುಂದಕ್ಕೆ. ಮನೋರಮೆ ಬಹಳ ಹೊತ್ತು ಮಾತಾಡದೆ ಕುಳಿತ ಈ ಯುದ್ಧದ ಹರವುಗಳಲ್ಲಿ, ಅದೇ ಲೇಖಕ, ಅದೇ ಪುಸ್ತಕ, ಅದೇ ಭಾಷೆ ಇದ್ದೂ ‘ಅದ್ಭುತ ರಾಮಾಯಣ’ದ ಆಯಾಸವೇ ಮರಳುತ್ತದೆ. ಅವಳು ಬಾಯಿ ತೆರೆದ ಕೂಡಲೇ ಪುಟ ಬೆಳಗುತ್ತದೆ. ಸೀತೆಯನ್ನು ಕಾಡಿಗೆ ಕಳಿಸುವ ಭಾಗ ಅಷ್ಟು ತಾಗುವುದಕ್ಕೆ ಕಾರಣ ಅದನ್ನು ಹೇಳುತ್ತಿರುವುದು ಒಬ್ಬ ಹೆಂಡತಿಯ ಮುಂದೆ ಎಂಬುದನ್ನು ಓದುಗ ಒಂದು ಕ್ಷಣವೂ ಮರೆಯಲಾರದಿರುವುದು. ಹಾಗಾಗಿ ದೋಷ ವಯಸ್ಸಿನದಲ್ಲ. ಮಕ್ಕಳ ಮೈಯನ್ನು ದಿನವೂ ಕವಾಯತಿನಲ್ಲಿ ಪಳಗಿಸುತ್ತಿದ್ದ ಮನುಷ್ಯನಿಗೆ ಯುದ್ಧದ ಮೈ ಬರೆಯುವುದು ಒಲಿಯಲಿಲ್ಲ, ಮನೆಯ ಮಾತು ಬರೆಯುವುದು ಒಲಿಯಿತು. ನನಗೆ ಇದು ಈಗಲೂ ಸೋಜಿಗವೇ.

ಅಶ್ವಮೇಧದ ಕಥೆ ಎಂದ ಮೇಲೆ ಯುದ್ಧಗಳ ಸರಣಿ ಇರಲೇಬೇಕಲ್ಲವೇ, ಅದು ಆ ಜಾತಿಯ ಕಾವ್ಯದ ಹಣೆಬರಹ ಎನ್ನಬಹುದು. ಲಕ್ಷ್ಮೀಶನ ‘ಜೈಮಿನಿ ಭಾರತ’ವೂ ಅಶ್ವಮೇಧವೇ. ಅಲ್ಲೂ ಕುದುರೆ ಊರೂರು ಸುತ್ತುತ್ತದೆ. ಆದರೆ ಒಂದೊಂದು ಊರಿನಲ್ಲಿ ಒಂದೊಂದು ಮನೆಯ ತೊಡಕು ಕಾದಿರುತ್ತದೆ. ಸುಧನ್ವ ಯುದ್ಧಕ್ಕೆ ಹೊರಟಾಗ ಹೆಂಡತಿ ಪ್ರಭಾವತಿ ತಡೆಯುತ್ತಾಳೆ, ಅವನು ತಡವಾಗಿ ಹೋಗುತ್ತಾನೆ, ತಡವಾದವರಿಗೆ ಕಾದ ಎಣ್ಣೆಯ ಕೊಪ್ಪರಿಗೆ ಎಂದು ಆಜ್ಞೆ ಮಾಡಿದವನು ತಂದೆಯೇ. ಎಣ್ಣೆ ಸುಡದ ಪವಾಡ ನಮ್ಮನ್ನು ಹಿಡಿಯುವುದು ಆ ಮಗನ ಹಿಂದೆ ಆ ಹೆಂಡತಿ, ಆ ತಂದೆ ನಿಂತಿರುವುದರಿಂದ. ಬಭ್ರುವಾಹನ ತಂದೆಯ ತಲೆಯನ್ನೇ ಉರುಳಿಸುತ್ತಾನೆ. ಸಂಬಂಧ ಮೊದಲು ಬರುತ್ತದೆ, ಪವಾಡ ಆಮೇಲೆ. ಹಣೆಬರಹ ಎಂದು ಕೈಚೆಲ್ಲುವಂತಿಲ್ಲ.

ಕಾರ್ಕಳವೇ ಇನ್ನೊಂದು ಸಾಕ್ಷಿ ಕೊಡುತ್ತದೆ. 1432ರಲ್ಲಿ ಬಾಹುಬಲಿಯನ್ನು ಬಂಡೆಯ ಮೇಲೆ ನಿಲ್ಲಿಸಿದ ಊರು ಅದು. ಅಲ್ಲಿನ ಭೈರರಸರ ಆಶ್ರಯದಲ್ಲಿದ್ದ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ ಬರೆದ. ವಸ್ತು ಚಕ್ರವರ್ತಿಯ ದಿಗ್ವಿಜಯ, ಅಂದರೆ ವೀರಕಾವ್ಯಕ್ಕೆ ಹೇಳಿ ಮಾಡಿಸಿದ್ದು. ಅವನಾದರೋ ಭರತನ ಊಟ, ರಾಣಿಯರ ಮಾತುಕತೆ, ಗಿಳಿಯೊಡನೆ ಸಲ್ಲಾಪ, ಇವುಗಳಲ್ಲಿ ಕಾಲಿಟ್ಟರೆ ಹೊರಬರಲು ಮನಸ್ಸೇ ಮಾಡುವುದಿಲ್ಲ. ಅಣ್ಣತಮ್ಮಂದಿರ ಪ್ರಸಿದ್ಧ ಯುದ್ಧವನ್ನೂ ಆತ ತೋಳಿಗೆ ಬಿಡದೆ ಮಾತಿನಲ್ಲೇ ಮುಗಿಸಲು ಧೈರ್ಯ ಮಾಡಿದ. ಸಂಪ್ರದಾಯವಾದಿಗಳಿಗೆ ಇದು ಹಿಡಿಸದಿರಬಹುದು, ಕಾವ್ಯ ಮಾತ್ರ ನಾಲ್ಕು ಶತಮಾನ ದಾಟಿಯೂ ಓದಿಸಿಕೊಳ್ಳುತ್ತಿದೆ. ನಂದಳಿಕೆಯ ಹುಡುಗನಿಗೆ ಇದು ನೆರೆಮನೆಯ ಪಾಠ. ‘ರಾಮಾಶ್ವಮೇಧ’ದ ಹೊತ್ತಿಗೆ ಅವನೂ ಅದೇ ದಾರಿ ಹಿಡಿದ.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದೆ ಹೋಗಲಾಗದು. ನಿರಾಸೆಗೆ ಕಾರಣ ಪುಸ್ತಕವಲ್ಲ, ನಾವು. ಸಾವಿರ ತಲೆ, ಮಾಯಾಸ್ತ್ರ ಎಂದರೆ ಈಗಿನ ಮನಸ್ಸು ಒಪ್ಪುವುದಿಲ್ಲ ಎಂಬ ವಾದ ಅದು. ಕರಾವಳಿಯಲ್ಲಿ ಕುಳಿತು ಈ ವಾದ ಮಾಡುವವರು ಯಕ್ಷಗಾನವನ್ನು ಮರೆತಿರಬೇಕು. ಇಲ್ಲಿ ಜನ ಇಡೀ ರಾತ್ರಿ ಎಚ್ಚರವಿದ್ದು ಅದ್ಭುತವನ್ನು ನೋಡಿದವರು, ಇವತ್ತಿಗೂ ನೋಡುವವರು. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟು ಮುಖವನ್ನೇ ಬೇರೆ ಲೋಕದ್ದು ಮಾಡುತ್ತಾರೆ. ತೆರೆಯ ಹಿಂದೆ ಅಬ್ಬರ, ರಾಳದ ಬೆಂಕಿ, ಚೆಂಡೆಯ ಏರುಪೆಟ್ಟು. ಒಬ್ಬನೇ ಮನುಷ್ಯ, ಒಂದೇ ತಲೆ. ಆದರೂ ರಾವಣನಿಗೆ ಹತ್ತು ತಲೆ ಇಲ್ಲವೆಂದು ಯಾರಿಗೂ ಅನ್ನಿಸುವುದಿಲ್ಲ. ಗಮನಿಸಬೇಕಾದದ್ದು ಆಮೇಲೆ ನಡೆಯುವುದನ್ನು. ಎಷ್ಟೇ ಘೋರ ರಕ್ಕಸನಾದರೂ ರಂಗಸ್ಥಳಕ್ಕೆ ಬಂದವನು ಭಾಗವತರ ಕಡೆ ತಿರುಗಿ ‘ಬಲ್ಲಿರೇನಯ್ಯಾ’ ಎನ್ನಬೇಕು. ತಾನು ಯಾರು, ಯಾವ ಊರು, ಏಕೆ ಬಂದೆ ಎಂದು ಮಾತಿನಲ್ಲಿ ಒಪ್ಪಿಸಬೇಕು. ಹಾಸ್ಯಗಾರ ದೂತನಾಗಿ ಬಂದು ನಡುವೆ ಪ್ರಶ್ನೆ ಹಾಕುತ್ತಾನೆ. ತಾಳಮದ್ದಳೆಯಲ್ಲಂತೂ ಬಣ್ಣವಿಲ್ಲ, ಕುಣಿತವಿಲ್ಲ, ನಾಲ್ಕು ಜನ ಪಂಚೆ ಶಲ್ಯ ಹೊದ್ದು ಕುಳಿತು ಸವಾಲು ಜವಾಬಿನಲ್ಲೇ ಸ್ವರ್ಗ ಪಾತಾಳ ತೋರಿಸುತ್ತಾರೆ. ಎದುರಿನ ಅರ್ಥಧಾರಿ ಬಲವಾದಷ್ಟೂ ಪಾತ್ರ ಎತ್ತರಕ್ಕೆ ಹೋಗುತ್ತದೆ. ನಮ್ಮ ನಾಡಿನ ಅದ್ಭುತಕ್ಕೆ ಉಸಿರು ಕೊಡುವುದೇ ಎದುರು ಮಾತು. ಮುದ್ದಣನಿಗೆ ಇದು ಹೊರಗಿನ ವಿದ್ಯೆಯೂ ಅಲ್ಲ. ‘ರತ್ನಾವತಿ ಕಲ್ಯಾಣ’, ‘ಕುಮಾರವಿಜಯ’ ಎಂಬ ಎರಡು ಪ್ರಸಂಗಗಳನ್ನು ಕಟ್ಟಿದವನು ಅವನು. ಪ್ರಸಂಗ ಕರ್ತೃವಿಗೆ ಗೊತ್ತಿದ್ದದ್ದನ್ನು ‘ಅದ್ಭುತ ರಾಮಾಯಣ’ದ ಗದ್ಯಕಾರ ಬಳಸಿಕೊಳ್ಳಲಿಲ್ಲ.

ಈಗ ಮಣಿಪಾಲದ ವಿದ್ಯಾರ್ಥಿಗಳು ಓದುವ ಇಂಗ್ಲಿಷ್ ಫ್ಯಾಂಟಸಿಯನ್ನೇ ತೆಗೆದುಕೊಂಡರೂ ಇದೇ ಕಾಣುತ್ತದೆ. ಟಾಲ್ಕೀನ್ 1937ರಲ್ಲಿ ‘ದಿ ಹಾಬಿಟ್’, 1954-55ರಲ್ಲಿ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಪ್ರಕಟಿಸಿ ಲಕ್ಷಾಂತರ ಓದುಗರ ಮೆಚ್ಚಿನ ಲೇಖಕನಾದ. ಅವನು ತೀರಿಕೊಂಡ ಮೇಲೆ ಮಗ ಕ್ರಿಸ್ಟೋಫರ್ 1977ರಲ್ಲಿ ‘ದಿ ಸಿಲ್ಮರಿಲಿಯನ್’ ಹೊರತಂದಾಗ ಆ ಓದುಗರಲ್ಲಿ ಎಷ್ಟೋ ಮಂದಿ ತಬ್ಬಿಬ್ಬಾದರು. ದೇವತೆಗಳಿದ್ದರು, ಮಹಾಯುದ್ಧಗಳಿದ್ದವು, ಜಗತ್ತು ಹುಟ್ಟುವ ಕಥೆಯೇ ಇತ್ತು. ಇಲ್ಲದಿದ್ದದ್ದು ಹಾಬಿಟ್ಟು: ಹೊತ್ತುಹೊತ್ತಿಗೆ ಊಟ ಬೇಕೆನ್ನುವ, ದೊಡ್ಡದನ್ನು ಕಂಡು ಬಾಯಿ ಬಿಟ್ಟು ಪ್ರಶ್ನೆ ಕೇಳುವ ಆ ಕುಳ್ಳ ಜೀವ. ಮನೋರಮೆಗೂ ಹಾಬಿಟ್ಟಿಗೂ ಬೇರೇನೂ ಸಾಮ್ಯವಿಲ್ಲ, ಕಥೆಯಲ್ಲಿ ಅವರು ಮಾಡುವ ಕೆಲಸ ಮಾತ್ರ ಒಂದೇ. ‘ಸಿಲ್ಮರಿಲಿಯನ್’ ಅನ್ನು ಎದೆಗೊತ್ತಿ ಪ್ರೀತಿಸುವವರೂ ಇದ್ದಾರೆ ಎಂಬುದು ನಿಜ. ಅವರು ಪುರಾಣವನ್ನು ಪುರಾಣವಾಗಿಯೇ ಓದಬಲ್ಲವರು. ಹಾಗೆ ಓದಬಲ್ಲವರಿಗೆ ‘ಅದ್ಭುತ ರಾಮಾಯಣ’ವೂ ಹಿಡಿಸೀತು, ಆ ಸಂತೋಷವನ್ನು ಅವರಿಂದ ಕಸಿಯಲು ನನಗೆ ಮನಸ್ಸಿಲ್ಲ. ಆದರೆ ಮನೋರಮೆಯ ಮಾತು ಕೇಳಿ ಮುದ್ದಣನ ಬಾಗಿಲಿಗೆ ಬಂದವರಿಗೆ ಆ ಪುಸ್ತಕ ಬೇರೆ ಯಾರದೋ ಮನೆ ಎನ್ನಿಸಿದರೆ ತಪ್ಪು ಅವರದಲ್ಲ.

ಸಂಕೋಚದ ಮಾತಿಗೆ ಬರುತ್ತೇನೆ. ಹಳೆಯ ಕವಿಯ ಮುಸುಕು ಹಾಕಿಕೊಂಡವನಿಗೆ ತನ್ನ ಕಾಲದ ನಗು, ತನ್ನ ಮನೆಯ ಸದ್ದು ಪುಸ್ತಕದೊಳಗೆ ನುಸುಳದ ಹಾಗೆ ಎಚ್ಚರ ವಹಿಸಬೇಕಾಗುತ್ತದೆ. ‘ಅದ್ಭುತ ರಾಮಾಯಣ’ದಲ್ಲಿ ಆ ಎಚ್ಚರ ಪೂರ್ತಿ ಇದೆ, ಅದೇ ಅದನ್ನು ಕಟ್ಟಿಹಾಕಿದೆ. ‘ರಾಮಾಶ್ವಮೇಧ’ದಲ್ಲೂ ಮುಸುಕು ಇತ್ತು, ಆದರೆ ಅವನು ಮುಸುಕಿನೊಳಗೇ ಒಂದು ಮನೆ ಕಟ್ಟಿಕೊಂಡ. ಅರಮನೆಯ ಆಸ್ಥಾನ ಕಲ್ಪನೆಯದು. ಮಳೆ ಮಾತ್ರ ನಮ್ಮ ಕರಾವಳಿಯದೇ, ಎದುರು ಕುಳಿತ ಹೆಣ್ಣಿನ ದನಿ ಕೇಳಿ ಬರೆದದ್ದೇ ಹೊರತು ಕೋಶ ನೋಡಿ ಬರೆದದ್ದಲ್ಲ. ಶಾಲಾ ಮಾಸ್ತರನೊಬ್ಬ ತನ್ನ ಹೆಸರನ್ನು ಮುಚ್ಚಿಟ್ಟು ತನ್ನ ಬಾಳನ್ನು ಹೊರಗಿಟ್ಟ. ಅದನ್ನು ಸಾಧಿಸಿ ಹೆಚ್ಚು ಕಾಲ ಕಳೆಯುವ ಮೊದಲೇ ತೀರಿಕೊಂಡ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇನ್ನೂ ಹತ್ತು ವರ್ಷ ಬದುಕಿದ್ದರೆ ಅವನು ಸಾವಿರ ತಲೆಯ ರಾವಣನ ಬಳಿಗೆ ಮನೋರಮೆಯನ್ನು ಕರೆದುಕೊಂಡು ಹಿಂತಿರುಗುತ್ತಿದ್ದ ಎಂದು ನನಗೆ ಅನ್ನಿಸುತ್ತದೆ.

ಈಗ ಆ ಕೆಲಸ ಬೇರೆಯವರು ಮಾಡಬಹುದು. ಉಡುಪಿ, ಕಾರ್ಕಳದ ಸುತ್ತ ತಾಳಮದ್ದಳೆಗೆ ಇಂದಿಗೂ ಸಮರ್ಥ ಅರ್ಥಧಾರಿಗಳಿದ್ದಾರೆ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ ಹೊಸ ತಲೆಮಾರನ್ನು ಪಳಗಿಸುತ್ತ ಬಂದಿದೆ. ಋಷಿಗಳು ಹೊಗಳುವಾಗ ಸೀತೆ ನಗುವ ಆ ಒಂದು ಸಭೆಯನ್ನು ಅವರು ಕೈಗೆತ್ತಿಕೊಳ್ಳಲಿ. ರಾಮನ ಅರ್ಥಕ್ಕೂ ಸೀತೆಯ ಅರ್ಥಕ್ಕೂ ಸಮಬಲದ ಇಬ್ಬರು ಕುಳಿತು, ನಕ್ಕದ್ದೇಕೆ ಎಂದು ಅವನು ಕೇಳಲಿ, ಅವಳು ಉತ್ತರ ಹೇಳಲಿ, ಅವನು ಒಪ್ಪದಿರಲಿ. ಮುದ್ದಣನ ಪ್ರಸಂಗಗಳನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡು ಬಂದ ಜನರಲ್ಲಿ ಇದನ್ನು ಕೇಳುವ ಧೈರ್ಯ ನನಗಿದೆ. ಮನೆಯಲ್ಲಿ ಓದುವವರಿಗೂ ಒಂದು ಮಾತು: ‘ಅದ್ಭುತ ರಾಮಾಯಣ’ವನ್ನು ಒಬ್ಬರೇ ಕುಳಿತು ಮೌನವಾಗಿ ಓದಬೇಡಿ, ನಡುನಡುವೆ ತಡೆದು ಪ್ರಶ್ನೆ ಕೇಳುವ ಒಬ್ಬರನ್ನು ಎದುರು ಕೂರಿಸಿಕೊಂಡು ಗಟ್ಟಿಯಾಗಿ ಓದಿ.